ಓದುಗರ ಪ್ರಶ್ನೋತ್ತರ: ಹಳೆಯ ಬಟ್ಟೆಬರೆ, ಹಳೆಯ ಪಾತ್ರೆಪಡಗ

ಬೇರೆಯವರು ಬಳಸಿ ಬಿಟ್ಟ ಮೇಜುಬಟ್ಟೆ, ಹಾಸು, ಹೊದಿಕೆ, ಪಾತ್ರೆಗಳನ್ನು ಹುಡುಕಿ ತಂದು ನಮ್ಮ ಮನೆಯಲ್ಲಿ ಬಳಸುವ ಹವ್ಯಾಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಪತ್ರಗಳನ್ನು ಸ್ವಲ್ಪ ಚುಟುಕುಗೊಳಿಸಲಾಗಿದೆ, ಹೆಸರುಗಳನ್ನು ಕೈಬಿಡಲಾಗಿದೆ.

*

ಪ್ರಶ್ನೆ: ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಕಡೆ ಹೋಗಿ ಹಳೆಯ ಪರದೆ, ಮೇಜುಬಟ್ಟೆ, ಕಸೂತಿಯ ದಿಂಬಿನ ಚೀಲಗಳನ್ನು ಹುಡುಕಿ ತರುವುದೆಂದರೆ ನನಗೆ ಬಹಳ ಇಷ್ಟ. ಆದರೆ ಯಾರು ಹೊದ್ದದ್ದೋ ಯಾರು ಹಾಸಿದ್ದೋ ತಿಳಿಯದ ಬಟ್ಟೆ ಮನೆಯೊಳಗೆ ಬರಬಾರದು ಎಂಬುದು ನಮ್ಮ ಅತ್ತೆಯವರ ಮಾತು. ಅವರ ಮನಸ್ಸಿಗೆ ನೋವಾಗದಂತೆ ನಾನು ಏನು ಮಾಡಬಹುದು? ಕೊಳ್ಳುವಾಗ ಮುಖ್ಯವಾಗಿ ಏನನ್ನು ನೋಡಬೇಕು?
— ಗೃಹಿಣಿ, ಮಲ್ಲೇಶ್ವರ, ಬೆಂಗಳೂರು

ಉತ್ತರ: ನಿಮ್ಮ ಅತ್ತೆಯವರ ಅಳುಕನ್ನು ಹಳೆಯ ಕಾಲದ ಮಡಿಮೈಲಿಗೆ ಎಂದು ತಳ್ಳಿಹಾಕಬೇಡಿ. ಅದರಲ್ಲಿ ಅರ್ಧಭಾಗವಾದರೂ ಶುದ್ಧ ವ್ಯಾವಹಾರಿಕ ಜ್ಞಾನವಿದೆ. ಹಳೆಯ ಹಾಸಿಗೆಬಟ್ಟೆಯ ಹೊಲಿಗೆಯ ಅಂಚಿನಲ್ಲಿ ತಿಗಣೆ ಅಡಗಿರಬಹುದು, ಉಣ್ಣೆಯ ಹೊದಿಕೆಯಲ್ಲಿ ನುಸಿಹುಳುವಿನ ಮೊಟ್ಟೆ ಇರಬಹುದು, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಪರದೆಯ ಧೂಳು ಉಬ್ಬಸದವರಿಗೆ ಆಗದಿರಬಹುದು. ಆದ್ದರಿಂದ ತಂದದ್ದನ್ನು ನೇರವಾಗಿ ಒಳಗೆ ಒಯ್ಯದೆ, ಚೀಲದಲ್ಲಿ ಕಟ್ಟಿಯೇ ಇಟ್ಟು, ಹತ್ತಿಯ ಬಟ್ಟೆಯಾದರೆ ಕೈ ತಾಳದಷ್ಟು ಬಿಸಿಯಾದ ನೀರಿನಲ್ಲಿ ಒಗೆದು, ಬಿರುಬಿಸಿಲಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲಷ್ಟೇ ಒಳಗೆ ತರುವ ಪದ್ಧತಿಯನ್ನು ಇಟ್ಟುಕೊಳ್ಳಿ. ತಿಗಣೆ ಮತ್ತು ಅದರ ಮೊಟ್ಟೆಗಳು 60 ಡಿಗ್ರಿ ಬಿಸಿಯ ಒಗೆತದಲ್ಲಿ ಉಳಿಯುವುದಿಲ್ಲ. ಬಿಸಿನೀರು ತಾಳದ ಉಣ್ಣೆಯ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಇದನ್ನೆಲ್ಲ ನೀವು ಅವರ ಕಣ್ಣೆದುರಿಗೇ ಮಾಡಿದರೆ ಆಕ್ಷೇಪದ ಬಿಗಿ ತಾನಾಗಿ ಸಡಿಲಗೊಳ್ಳಬಹುದು. ಮೈಗೆ ತಾಗುವ ಹೊದಿಕೆಯಿಂದ ಆರಂಭಿಸದೆ, ಮೇಜುಬಟ್ಟೆ, ಪರದೆ, ತಟ್ಟೆ ಮುಚ್ಚುವ ಕ್ರೋಶಾ ಬಟ್ಟೆಗಳಿಂದ ಆರಂಭಿಸುವುದೂ ಒಂದು ಜಾಣತನ.

ಇನ್ನೊಂದು ಮಾತನ್ನು ಸಮಯ ನೋಡಿ ಅವರಿಗೆ ಹೇಳಬಹುದು. ನಮ್ಮ ಬೀದಿಗಳಲ್ಲಿ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ಬಂದು, ಹಳೆಯ ಸೀರೆಗಳಿಗೆ ಡಬರಿಯನ್ನೋ ಡಬ್ಬಿಯನ್ನೋ ಕೊಟ್ಟು ಹೋಗುತ್ತಿದ್ದವರನ್ನು ಅವರು ಖಂಡಿತ ಕಂಡಿರುತ್ತಾರೆ. ಬಹುಶಃ ಅವರೊಂದಿಗೆ ಚೌಕಾಸಿಯನ್ನೂ ಮಾಡಿರುತ್ತಾರೆ. ಆ ಸೀರೆಗಳು ಸುಟ್ಟು ಬೂದಿಯಾಗಲಿಲ್ಲ, ಮತ್ತೊಬ್ಬರ ಮನೆಗೆ ಹೋದವು. ಉತ್ತರ ಭಾರತದಲ್ಲಿ ಇದೇ ವ್ಯಾಪಾರವನ್ನು ಗುಜರಾತ್ ಮೂಲದ ವಾಘ್ರಿ ಸಮುದಾಯದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ದಿಲ್ಲಿಯ ರಘುಬೀರ್ ನಗರದಲ್ಲಿ ಅವರು ಹೀಗೆ ಸಂಗ್ರಹಿಸಿದ ಬಟ್ಟೆಗಳಿಗಾಗಿಯೇ ಒಂದು ಮಾರುಕಟ್ಟೆ ಬೆಳಗಿನ ಜಾವ ನೆರೆಯುತ್ತದೆ. ಕೊಡುವುದರಲ್ಲಿ ಇಲ್ಲದ ಮೈಲಿಗೆ ಕೊಳ್ಳುವುದರಲ್ಲಿ ಮಾತ್ರ ಎಲ್ಲಿಂದ ಬರಬೇಕು?

ಇನ್ನು ಕೊಳ್ಳುವಾಗ ನೋಡಬೇಕಾದ ವಿಷಯ. "ಆಂಟಿಕ್" ಎಂದು ಮಾರುವವನು ಹೇಳಿದರೆ ಆ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಬಟ್ಟೆಗೆ ಎಷ್ಟು ವಯಸ್ಸಾಗಿದೆ ಎಂಬುದಕ್ಕಿಂತ, ಅದರ ಎಳೆಯಲ್ಲಿ ಇನ್ನೂ ಎಷ್ಟು ಜೀವ ಉಳಿದಿದೆ ಎಂಬುದೇ ಅದರ ಬೆಲೆಯನ್ನು ನಿರ್ಧರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಟ್ಟೆಯನ್ನು ಬೆಳಕಿಗೆ ಅಡ್ಡವಾಗಿ ಹಿಡಿಯಿರಿ. ಜಾಳಾದ ಕಡೆ, ರಫು ಹಾಕಿದ ಕಡೆ, ಹುಳು ತಿಂದ ತೂತು ಎಲ್ಲವೂ ಅಲ್ಲಿಯೇ ಕಾಣಿಸುತ್ತವೆ. ಮಡಿಕೆಯ ಗೆರೆಯನ್ನು ಬೆರಳಿನಿಂದ ಸವರಿ ನೋಡಿ, ಏಕೆಂದರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಬಟ್ಟೆ ಮೊದಲು ಸೀಳುವುದು ಆ ಗೆರೆಯಲ್ಲಿಯೇ. ಎರಡು ಹೆಬ್ಬೆರಳುಗಳ ನಡುವೆ ಹಾಸಿನ (ಉದ್ದದ ಎಳೆಗಳ) ಕಡೆಗೊಮ್ಮೆ, ಹೊಕ್ಕಿನ (ಅಡ್ಡ ಎಳೆಗಳ) ಕಡೆಗೊಮ್ಮೆ ಮೆಲ್ಲಗೆ ಎಳೆದಾಗ ಎಳೆ ಚಟಚಟನೆ ಹರಿಯುವ ಸದ್ದು ಬಂದರೆ, ಅಂಚು ಎಷ್ಟೇ ಚೆಂದವಿದ್ದರೂ ಅಲ್ಲಿಯೇ ಇಟ್ಟು ಬನ್ನಿ. ಕಲೆ ಹೋಗಬಹುದು, ವಾಸನೆ ಹೋಗಬಹುದು, ಆದರೆ ಸತ್ತ ಎಳೆಗೆ ಔಷಧಿಯಿಲ್ಲ.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಸಂತೋಷ ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಸಂತೋಷವಿರುವುದು ಈ ಪರೀಕ್ಷೆಯಲ್ಲಿಯೇ. ಹೊಸ ಅಂಗಡಿಯಲ್ಲಿ ಬಟ್ಟೆ ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿರುತ್ತದೆ; ನಾವು ಓದುವುದು ಚೀಟಿಯನ್ನು. ಹಳೆಯ ಬಟ್ಟೆಯ ರಾಶಿಯ ಮುಂದೆ ಕುಳಿತಾಗ ಓದಲು ಚೀಟಿಯೇ ಇರುವುದಿಲ್ಲ. ಬೆರಳು, ಮೂಗು, ಕಣ್ಣು ಮೂರೂ ಕೆಲಸ ಮಾಡಬೇಕಾಗುತ್ತದೆ, ಮತ್ತು ಹತ್ತು ನೈಲಾನ್ ತುಂಡುಗಳ ಕೆಳಗೆ, ಯಾರೋ ದಾರದ ಎಳೆ ಎಳೆದು ಜಾಲರಿಯಂಚು ಹಾಕಿದ ಒಂದು ತಣ್ಣನೆಯ ಹತ್ತಿಯ ಬಟ್ಟೆ ಕೈಗೆ ತಾಗಿದ ಕ್ಷಣದಲ್ಲಿ ಅದನ್ನು ಗುರುತಿಸಿದ್ದು ನಾವೇ ಎಂಬ ಹೆಮ್ಮೆಯೂ ಇರುತ್ತದೆ.

*

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದೇವೆ. ಇಲ್ಲಿ ಹಿರಿಯರು ತೀರಿಕೊಂಡ ಮೇಲೆ ಮನೆಯ ಸಾಮಾನುಗಳನ್ನೆಲ್ಲ ಒಟ್ಟಿಗೆ ಮಾರುವ ಎಸ್ಟೇಟ್ ಸೇಲ್ ಎಂಬ ಪದ್ಧತಿಯಿದೆ. ಅಂಥ ಒಂದು ಮನೆಯಿಂದ ಬಿಳಿಯ ಮೇಲೆ ಬಿಳಿಯ ಹೂವಿನ ನೇಯ್ಗೆಯ ದೊಡ್ಡ ಮೇಜುಬಟ್ಟೆಯೊಂದನ್ನು ತಂದೆ. ಅದರಲ್ಲಿ ಹಳದಿ ಕಲೆಗಳಿವೆ, ಅಲ್ಲಲ್ಲಿ ಕಂದು ಚುಕ್ಕೆಗಳೂ ಇವೆ. ಬ್ಲೀಚ್ ಹಾಕಬಹುದೇ? ಅದು ನಿಜವಾದ ಲಿನನ್ ಎಂದು ತಿಳಿಯುವುದು ಹೇಗೆ?
— ಕನ್ನಡತಿ, ಎಡಿಸನ್

ಉತ್ತರ: ದಯವಿಟ್ಟು ಕ್ಲೋರಿನ್ ಬ್ಲೀಚಿನ ಬಾಟಲಿಯನ್ನು ಮುಚ್ಚಿ ಕಪಾಟಿನಲ್ಲಿ ಇಟ್ಟು ಬಂದು, ನಂತರ ಉಳಿದದ್ದನ್ನು ಓದಿ.

ನಿಮ್ಮ ಬಟ್ಟೆ ಡಮಾಸ್ಕ್ ನೇಯ್ಗೆಯದು. ಒಂದೇ ಬಣ್ಣದ ನೂಲಿನಲ್ಲಿ, ಹಾಸಿನ ಎಳೆ ಮೇಲೆ ತೇಲುವ ಭಾಗ ಮತ್ತು ಹೊಕ್ಕಿನ ಎಳೆ ಮೇಲೆ ತೇಲುವ ಭಾಗಗಳ ಹೊಳಪಿನ ವ್ಯತ್ಯಾಸದಿಂದಲೇ ಹೂಬಳ್ಳಿ ಮೂಡುವುದು ಅದರ ಲಕ್ಷಣ. ಅದಕ್ಕೇ ನೇರವಾಗಿ ನೋಡಿದಾಗ ಮಂಕಾಗಿ, ಓರೆಯಾಗಿ ನೋಡಿದಾಗ ಸ್ಪಷ್ಟವಾಗಿ ಕಾಣುತ್ತದೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರವು 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಥ ಬಟ್ಟೆಗಳಿಗೆ ಎಷ್ಟು ಹೆಸರಾಗಿತ್ತೆಂದರೆ ಅದಕ್ಕೆ ಲಿನನೋಪೊಲಿಸ್ ಎಂಬ ಅಡ್ಡಹೆಸರೇ ಬಿದ್ದಿತ್ತು. ಲಿನನ್ ಎಂಬುದು ಅಗಸೆ ಗಿಡದ ಕಾಂಡದ ನಾರಿನಿಂದ ತೆಗೆದ ನೂಲು; ನಮ್ಮ ಉತ್ತರ ಕರ್ನಾಟಕದ ಅಗಸಿ ಚಟ್ನಿಯ ಗಿಡವೂ ಅದೇ ಜಾತಿಯದು, ಆದರೆ ನಾರಿಗಾಗಿ ಬೆಳೆಸುವ ತಳಿ ಎತ್ತರವಾಗಿ, ಕವಲು ಕಡಿಮೆಯಾಗಿ ಬೆಳೆಯುತ್ತದೆ, ನಮ್ಮಲ್ಲಿ ಕಾಳಿಗಾಗಿ ಬೆಳೆಯುವುದು ಗಿಡ್ಡ ತಳಿ.

ಗುರುತು ಹಿಡಿಯಲು ಸುಲಭವಾದ ಉಪಾಯವೆಂದರೆ, ಬಟ್ಟೆಯ ಕೆಳಗೆ ಒದ್ದೆ ಬೆರಳನ್ನು ಒತ್ತಿ ನೋಡುವುದು. ಲಿನನ್ ಆದರೆ ತೇವ ಕೂಡಲೇ ಮೇಲೆ ಮೂಡುತ್ತದೆ. ಮುಟ್ಟಿದಾಗ ಹತ್ತಿಗಿಂತ ತಣ್ಣಗಿರುತ್ತದೆ, ನೂಲಿನಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ, ಜುಂಗು ಏಳುವುದಿಲ್ಲ. ಅಂಚಿನಿಂದ ಒಂದು ಎಳೆ ಬಿಚ್ಚಿ ಸುಟ್ಟರೆ, ಲಿನನ್ನೂ ಹತ್ತಿಯೂ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತವೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಈ ಪರೀಕ್ಷೆಯನ್ನು ಮನೆಗೆ ತಂದ ಮೇಲೆ, ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಹಳದಿ ಕಲೆಗೂ ಕಂದು ಚುಕ್ಕೆಗೂ ಕಾರಣ ಬೇರೆ ಬೇರೆ ಇರುವ ಸಾಧ್ಯತೆಯೇ ಹೆಚ್ಚು. ಹಳದಿ ಬರುವುದು ಬಹುಪಾಲು ಸರಿಯಾಗಿ ಜಾಲಿಸದೆ ಉಳಿದ ಸೋಪು, ಗಂಜಿ ಮತ್ತು ಎಣ್ಣೆಯ ಅಂಶ ಗಾಳಿಯೊಂದಿಗೆ ಸೇರಿ ಮಾಗಿದ್ದರಿಂದ; ಮರದ ಕಪಾಟಿನ ಅಥವಾ ಅಗ್ಗದ ರಟ್ಟಿನ ಪೆಟ್ಟಿಗೆಯ ಆಮ್ಲವೂ ಇದಕ್ಕೆ ಸೇರಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ನೆನೆಸಿ, ನೀರು ಹಳದಿಯಾದಂತೆಲ್ಲ ಬದಲಿಸುತ್ತ ಹೋಗಿ. ಅಷ್ಟರಿಂದಲೇ ಅರ್ಧ ಕೆಲಸವಾಗಬಹುದು. ಉಳಿದದ್ದಕ್ಕೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚನ್ನು ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ಬಟ್ಟೆ ಸಂಪೂರ್ಣ ಮುಳುಗುವಂತೆ ಕೆಲವು ಗಂಟೆ ಇಟ್ಟು, ಚೆನ್ನಾಗಿ ಜಾಲಿಸಿ. ಇದು ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡನ್ನು ಬಿಡುಗಡೆ ಮಾಡಿ ಕಲೆಯನ್ನು ತಿಳಿಯಾಗಿಸುತ್ತದೆ. ಹತ್ತಿ, ಲಿನನ್‌ಗಳಿಗೆ ಇದು ಸರಿ. ರೇಷ್ಮೆ, ಉಣ್ಣೆಗಳಿಗೆ ಸಲ್ಲದು.

ಕಂದು ಚುಕ್ಕೆಗಳು ಕಬ್ಬಿಣದ ತುಕ್ಕಿನವಾದರೆ ಅದರ ಮೇಲೆ ಕ್ಲೋರಿನ್ ಬ್ಲೀಚ್ ಹಾಕುವುದು ಬಹಳ ಅಪಾಯ, ಏಕೆಂದರೆ ಕಲೆ ಇನ್ನಷ್ಟು ಗಟ್ಟಿಯಾಗುವುದಲ್ಲದೆ ಆ ಜಾಗದ ಎಳೆಯೂ ಬೇಗ ಕೊಳೆಯುತ್ತದೆ. ತುಕ್ಕಿಗೆ ನಮ್ಮ ಹಳೆಯ ಉಪಾಯವಾದ ನಿಂಬೆರಸ ಮತ್ತು ಉಪ್ಪನ್ನು ಹಚ್ಚಿ ಬಿಸಿಲಿಗೆ ಇಡುವುದೇ ಸಾಕಾಗುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ನಂತರ ಹುಳಿಯ ಅಂಶ ಉಳಿಯದಂತೆ ತೊಳೆಯಬೇಕು. ಒದ್ದೆಯಾದ ಲಿನನ್ ಒಣಗಿದ್ದಕ್ಕಿಂತ ಬಲವಾಗಿರುತ್ತದೆ, ಆದ್ದರಿಂದ ಒಗೆತಕ್ಕೆ ಹೆದರಬೇಕಿಲ್ಲ; ಆದರೆ ಹಿಂಡಬೇಡಿ. ಇನ್ನೂ ಸ್ವಲ್ಪ ತೇವವಿರುವಾಗಲೇ ಬಿಸಿ ಇಸ್ತ್ರಿಯನ್ನು ಮೊದಲು ಹಿಂಬದಿಗೆ, ಆಮೇಲೆ ಮುಂಬದಿಗೆ ಹಾಕಿದರೆ ಡಮಾಸ್ಕಿನ ಹೊಳಪು ಮರಳುತ್ತದೆ. ಎತ್ತಿಡುವಾಗ ಗಂಜಿ ಬೇಡ. ಗಂಜಿಯ ಬಟ್ಟೆ ಬೆಳ್ಳಿಹುಳಕ್ಕೂ ಜಿರಲೆಗೂ ಹಬ್ಬದೂಟವಿದ್ದಂತೆ. ಮಡಿಸುವ ಬದಲು ದಪ್ಪ ಕೊಳವೆಗೆ ಸುತ್ತಿಟ್ಟರೆ ಇನ್ನೂ ಒಳ್ಳೆಯದು.

ನೀವಿರುವ ಕಡೆ ಎಸ್ಟೇಟ್ ಸೇಲ್ ಮಾತ್ರವಲ್ಲದೆ, 1902ರಲ್ಲಿ ಬಾಸ್ಟನ್ನಿನಲ್ಲಿ ಪಾದ್ರಿ ಎಡ್ಗರ್ ಹೆಲ್ಮ್ಸ್ ಅವರು ಆರಂಭಿಸಿದ ಗುಡ್‌ವಿಲ್‌ನಂಥ, ದಾನವಾಗಿ ಬಂದದ್ದನ್ನು ಮಾರುವ ಅಂಗಡಿಗಳೂ ಇವೆ. ಮೇಜುಬಟ್ಟೆಗಳ ರಾಶಿಯನ್ನು ಹೆಚ್ಚಿನವರು ತಿರುಗಿಯೂ ನೋಡುವುದಿಲ್ಲ, ಏಕೆಂದರೆ ಇಸ್ತ್ರಿ ಬೇಡುವ ಬಟ್ಟೆ ಇಂದು ಯಾರಿಗೂ ಬೇಡ. ಇಸ್ತ್ರಿಗೆ ಹೆದರದ ನಿಮ್ಮಂಥವರಿಗೆ ಅದೇ ಲಾಭ. ಇನ್ನೊಬ್ಬರ ಹೆಸರಿನ ಮೊದಲಕ್ಷರ ಕಸೂತಿ ಮಾಡಿದ ಕೈವಸ್ತ್ರಗಳು ಸಿಕ್ಕರೆ ಅವನ್ನು ಬಿಚ್ಚಲು ಹೋಗಬೇಡಿ. ಮದುವೆಗೆ ಮುಂಚೆ ಒಬ್ಬ ಹುಡುಗಿ ಕುಳಿತು ಹೊಲಿದದ್ದು ಅದು, ನಿಮ್ಮ ಊಟದ ಮೇಜಿನ ಮೇಲೆ ಇದ್ದರೆ ತಪ್ಪೇನು?

*

ಪ್ರಶ್ನೆ: ಹಳೆಯ ಸಾಮಾನಿನವರ ಬಳಿ ಕೈಕಸೂತಿಯ ಕಪ್ಪು ಇಳಕಲ್ ಸೀರೆಯೊಂದು ಸಿಕ್ಕಿದೆ. ಕತ್ತರಿಸಿ ದಿಂಬಿನ ಚೀಲ ಮಾಡಿಸಬೇಕೆಂದಿದ್ದೇನೆ. ಗೆಳತಿಯರು ಬೇಡ ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಅಧ್ಯಾಪಕಿ, ಧಾರವಾಡ

ಉತ್ತರ: ನಾನು ನಿಮ್ಮ ಗೆಳತಿಯರ ಪಕ್ಷ, ಆದರೆ ಒಂದು ಷರತ್ತಿನೊಂದಿಗೆ. ಮೊದಲು ಸೀರೆಯನ್ನು ಪೂರ್ತಿ ಹಾಸಿ ನೋಡಿ. ಸೀರೆ ಮೊದಲು ಸವೆಯುವುದು ನಿರಿಗೆ ಸಿಕ್ಕಿಸುವ ಸೊಂಟದ ಭಾಗದಲ್ಲಿ ಮತ್ತು ನೆಲಕ್ಕೆ ತಾಗುವ ಕೆಳದಡಿಯಲ್ಲಿ. ಅಲ್ಲಿ ಗಟ್ಟಿಯಾಗಿದ್ದರೆ ಅದು ಇನ್ನೂ ಸೀರೆಯೇ, ಅದನ್ನು ಉಡಬೇಕು. ಒಡಲು ಹರಿದು ಚಿಂದಿಯಾಗಿದ್ದು ಸೆರಗು ಮತ್ತು ದಡಿ ಉಳಿದಿದ್ದರೆ ಮಾತ್ರ ಕತ್ತರಿ ತೆಗೆದುಕೊಳ್ಳಿ. ಆಗಲೂ ದಿಂಬಿಗಿಂತ ಗೋಡೆಯ ಚೌಕಟ್ಟೋ ಹೊಸ ಬಟ್ಟೆಯ ಅಂಚೋ ಉತ್ತಮ, ಏಕೆಂದರೆ ದಿಂಬಿನ ತಿಕ್ಕಾಟಕ್ಕೆ ಹಳೆಯ ರೇಷ್ಮೆ ಬಾಳುವುದಿಲ್ಲ.

ಕೈಕೆಲಸ ಹೌದೇ ಎಂಬುದನ್ನೂ ಪರೀಕ್ಷಿಸಿ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆಯ ಎಳೆಗಳನ್ನೂ ಕುಣಿಕೆ ಹಾಕಿ ಬೆಸೆದಿರುತ್ತಾರೆ. ಟೋಪ್ ತೆನೆ ಎನ್ನುವುದು ಈ ಜೋಡಣೆಗೇ. ಅದು ಹೊಲಿಗೆಯಲ್ಲ, ನೇಯ್ಗೆಯೊಳಗಿನ ಬೆಸುಗೆ. ಕಸೂತಿಯ ವಿಷಯಕ್ಕೆ ಬಂದರೆ, ಚಿತ್ರ ಬರೆದುಕೊಳ್ಳದೆ ಬಟ್ಟೆಯ ಎಳೆಗಳನ್ನು ಎಣಿಸುತ್ತ, ಗಂಟು ಹಾಕದೆ ಹೊಲಿಯುವುದು ಕ್ರಮ. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡು ಬದಿಯೂ ಒಂದೇ ರೀತಿ ಕಾಣುತ್ತದೆ. ನೇಗಿ ಮತ್ತು ಮೆಂತೆ ಹೊಲಿಗೆಗಳಲ್ಲಿ ಹಿಂಬದಿ ಬೇರೆಯಾಗಿರುತ್ತದೆ. ತೇರು, ಗೋಪುರ, ತುಳಸಿಕಟ್ಟೆ, ಆನೆಗಳು ಹಿಂಬದಿಯಲ್ಲಿ ದಾರದ ಜಡೆಗಟ್ಟಿ ಕಂಡರೆ ಅದು ಯಂತ್ರದ ಕೆಲಸ. ನಿಮ್ಮದು ಕೈಯದ್ದೇ ಆಗಿದ್ದರೆ, ಅದನ್ನು ಹೊಲಿದ ಹೆಣ್ಣುಮಗಳು ಎಣಿಸಿದ ಎಳೆಗಳ ಲೆಕ್ಕದ ಮುಂದೆ ನಮ್ಮ ದಿಂಬಿನ ಆಸೆ ಬಹಳ ಸಣ್ಣದು. ಒಗೆಯುವ ಮುನ್ನ ಬಿಳಿಯ ಬಟ್ಟೆಯನ್ನು ಒದ್ದೆ ಮಾಡಿ ಕೆಂಪು ಸೆರಗಿನ ಮೂಲೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿ. ರೇಷ್ಮೆಗೆ ಅಂಟುವಾಳಕಾಯಿಯ ತಿಳಿನೀರಿಗಿಂತ ಸೌಮ್ಯವಾದದ್ದು ನನಗೆ ಗೊತ್ತಿಲ್ಲ.

*

ಪ್ರಶ್ನೆ: ಯಲ್ಲಾಪುರದ ಕಡೆಯಿಂದ ಹಳೆಯ ಕೌದಿಯೊಂದನ್ನು ಕೊಂಡೆವು. ಮೂಲೆಗಳಲ್ಲಿ ಬಣ್ಣದ ತ್ರಿಕೋನಗಳಿವೆ. ಇದು ಸಾಮಾನ್ಯ ಕೌದಿಯೇ? ಒಗೆಯುವುದು ಹೇಗೆ?
— ದಂಪತಿ, ಶಿವಮೊಗ್ಗ

ಉತ್ತರ: ನೀವು ವರ್ಣಿಸಿದ ರೀತಿಯನ್ನು ನೋಡಿದರೆ ಅದು ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಇರಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಈ ಜನರ ಹೊದಿಕೆಗೂ ಬಯಲುಸೀಮೆಯ ಕೌದಿಗೂ ಬಂಧುತ್ವವಿದೆ. ಎರಡಕ್ಕೂ ಹಳೆಯ ಸೀರೆ ಧೋತರಗಳೇ ಬಂಡವಾಳ. ಆದರೆ ಕವಂದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ, ಮತ್ತು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತ್ರಿಕೋನದ ಫೂಲ, ಅಂದರೆ ಹೂವು, ಇಲ್ಲದಿದ್ದರೆ ಅದು ಪೂರ್ಣವಾಯಿತೆಂದು ಒಪ್ಪುವುದಿಲ್ಲ. 2011ರಲ್ಲಿ ನ್ಯೂಯಾರ್ಕಿನಲ್ಲಿರುವ, ಕಪ್ಪು ಜನರ ಸಂಸ್ಕೃತಿಯ ಸಂಶೋಧನಾ ಗ್ರಂಥಾಲಯವಾದ ಷೊಂಬರ್ಗ್ ಕೇಂದ್ರದಲ್ಲಿ ಇಂಥ ಕವಂದಿಗಳದ್ದೇ ಒಂದು ಪ್ರದರ್ಶನ ನಡೆದಿತ್ತು. ನಮ್ಮ ಪಕ್ಕದ ಜಿಲ್ಲೆಯ ಹೊದಿಕೆಯನ್ನು ಅಲ್ಲಿಯವರು ಗೋಡೆಗೆ ನೇತುಹಾಕಿ ನೋಡಿದರು, ನಮ್ಮಲ್ಲಿ ಅನೇಕರು ಅದನ್ನು ಕಾರು ಒರೆಸಲು ಬಳಸುತ್ತಾರೆ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಒಗೆಯಲು ಮಳೆಗಾಲವನ್ನು ಆರಿಸಿಕೊಳ್ಳಬೇಡಿ. ಪದರಗಳ ನಡುವೆ ನೀರು ನಿಂತು ಬೂಷ್ಟು ಹಿಡಿಯುತ್ತದೆ. ಒಳ್ಳೆಯ ಬಿಸಿಲಿನ ದಿನ, ದೊಡ್ಡ ತೊಟ್ಟಿಯಲ್ಲಿ ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಒತ್ತಿ ತೆಗೆಯಿರಿ. ಬಂಡೆಗೆ ಬಡಿಯಬೇಡಿ, ವಾಷಿಂಗ್ ಮಷಿನ್ನಿಗೂ ಹಾಕಬೇಡಿ. ಒದ್ದೆಯಾದಾಗ ಅದರ ಭಾರಕ್ಕೆ ಹಳೆಯ ದಾರ ಹರಿಯುವುದರಿಂದ, ಒಂದೇ ಹಗ್ಗದ ಮೇಲೆ ತೂಗುಹಾಕದೆ ಹಗ್ಗದ ಮಂಚದ ಮೇಲೆ ಹರಡಿ. ಬಿಚ್ಚಿದ ಕಡೆ ಅದೇ ರೀತಿಯ ಉದ್ದ ಓಟದ ಹೊಲಿಗೆಯಲ್ಲಿ, ಬೇರೆ ಬಣ್ಣದ ದಾರದಲ್ಲಿ ಹೊಲಿದರೂ ಅಡ್ಡಿಯಿಲ್ಲ. ಬೇರೆ ಬೇರೆ ಬಣ್ಣದ ತುಂಡುಗಳಿಂದಲೇ ಹುಟ್ಟಿದ ವಸ್ತುವಿಗೆ ತೇಪೆ ಎಂದೂ ಅವಮಾನವಲ್ಲ.

*

ಪ್ರಶ್ನೆ: ನಾನು ಹಳೆಯ ತಗಡಿನ ಡಬ್ಬಿ, ಎನಾಮೆಲ್ ಬೋರ್ಡು, ಅಳತೆಯ ಪಾವು, ಸೇರುಗಳನ್ನು ಸಂಗ್ರಹಿಸುತ್ತೇನೆ. ಮಾರುವವರು ಎಲ್ಲವನ್ನೂ "ಮಹಾರಾಜರ ಕಾಲದ್ದು" ಎನ್ನುತ್ತಾರೆ. ವಯಸ್ಸನ್ನು ನಾವೇ ಅಂದಾಜು ಮಾಡಲು ಸಾಧ್ಯವೇ?
— ನಿವೃತ್ತ ನೌಕರರು, ಮೈಸೂರು

ಉತ್ತರ: ಸಾಧ್ಯ, ಮತ್ತು ಈ ಹವ್ಯಾಸದಲ್ಲಿ ಇದಕ್ಕಿಂತ ರುಚಿಯಾದ ಆಟ ಬೇರೊಂದಿಲ್ಲ. ಸರ್ಕಾರಗಳು ಕಾಲಕಾಲಕ್ಕೆ ಬದಲಿಸಿದ ನಿಯಮಗಳೆಲ್ಲ ಡಬ್ಬಿಯ ಮೇಲೆ ಗುರುತು ಬಿಟ್ಟಿರುತ್ತವೆ.

ಬೆಲೆಯಿಂದ ಆರಂಭಿಸೋಣ. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಆದ್ದರಿಂದ ಬೆಲೆಯನ್ನು ಆಣೆಯಲ್ಲಿ ಮುದ್ರಿಸಿದ್ದರೆ ಆ ಡಬ್ಬಿ ಅದಕ್ಕಿಂತ ಹಿಂದಿನದು, ಅಥವಾ ಹೆಚ್ಚೆಂದರೆ ಆ ಬದಲಾವಣೆಯ ಹೊಸ್ತಿಲಿನದು. ಹೊಸ ನಾಣ್ಯವನ್ನು ಹಳೆಯ ಪೈಸೆಯಿಂದ ಪ್ರತ್ಯೇಕಿಸಲು ಆರಂಭದಲ್ಲಿ ಅದನ್ನು ನಯಾ ಪೈಸೆ ಎಂದು ಕರೆದರು. 1964ರ ಜೂನ್ 1ರಿಂದ "ನಯಾ" ಎಂಬುದನ್ನು ಕೈಬಿಟ್ಟರು. ಹೀಗಾಗಿ "ನಯೇ ಪೈಸೆ" ಎಂದು ಬೆಲೆ ಬರೆದಿರುವ ವಸ್ತು ಸಿಕ್ಕರೆ ಅದರ ಹುಟ್ಟು ಆ ಏಳು ವರ್ಷಗಳ ಆಸುಪಾಸಿನಲ್ಲಿಯೇ ಎಂದು ಧೈರ್ಯವಾಗಿ ಹೇಳಬಹುದು. ತೂಕದ ವಿಷಯವೂ ಹಾಗೆಯೇ. ಮೆಟ್ರಿಕ್ ಪದ್ಧತಿಯ ಕಾಯ್ದೆ ಬಂದದ್ದು 1956ರಲ್ಲಿ; ಅದು ಹಂತಹಂತವಾಗಿ ಜಾರಿಯಾಗಿ 1960ರ ದಶಕದ ಆರಂಭದ ಹೊತ್ತಿಗೆ ವ್ಯಾಪಾರದಲ್ಲಿ ಕಡ್ಡಾಯವಾಯಿತು. ಪೌಂಡು, ಔನ್ಸು ಎಂದಿರುವ ದೇಶೀ ಡಬ್ಬಿಗಳು, ಸರ್ಕಾರಿ ಮುದ್ರೆಯಿರುವ ಸೇರಿನ ತೂಕದ ಬಟ್ಟುಗಳು ಅದಕ್ಕೆ ಹಿಂದಿನವು. ಆದರೆ ಅಕ್ಕಿ ಅಳೆಯುವ ಪಾವನ್ನು ಮನೆಮನೆಗಳಲ್ಲಿ ಇಂದಿಗೂ ಬಳಸುತ್ತಾರೆ, ಹೊಸದಾಗಿ ಮಾಡುತ್ತಲೂ ಇದ್ದಾರೆ. ಆದ್ದರಿಂದ ಮುದ್ರೆಯಿಲ್ಲದ ಪಾವಿಗೆ ಮಹಾರಾಜರ ಹೆಸರಿನಲ್ಲಿ ಹಣ ಕೊಡಬೇಡಿ.

ವಿಳಾಸವನ್ನು ಓದಿ. ಆರು ಅಂಕಿಯ ಪಿನ್‌ಕೋಡ್ ಆರಂಭವಾದದ್ದು 1972ರ ಆಗಸ್ಟ್ 15ರಂದು. "ಬೆಂಗಳೂರು-2" ಎಂಬ ಹಾಗೆ ಒಂದೆರಡು ಅಂಕಿಗಳಷ್ಟೇ ಇದ್ದರೆ ಅದು ಹಳೆಯ ಅಂಚೆವಲಯದ ಪದ್ಧತಿ. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು, ಏಕೆಂದರೆ ಅಂದೇ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು. ಪಟ್ಟೆಪಟ್ಟೆಯ ಬಾರ್‌ಕೋಡ್ ಇದ್ದರಂತೂ ಮಾತೇ ಬೇಡ. ಅಮೆರಿಕದ ಅಂಗಡಿಯೊಂದರಲ್ಲಿ ಅದನ್ನು ಮೊದಲ ಬಾರಿಗೆ ಬಳಸಿದ್ದೇ 1974ರ ಜೂನ್‌ನಲ್ಲಿ. ವಿದೇಶೀ ಪಿಂಗಾಣಿಯ ತಳದಲ್ಲಿ ಜೆಕೊಸ್ಲೊವಾಕಿಯಾ ಎಂದಿದ್ದರೆ, ಆ ದೇಶ ಇದ್ದದ್ದು 1918ರಿಂದ 1992ರ ಕೊನೆಯವರೆಗೆ. ಜಪಾನಿನ ಹೆಸರಿನ ಮುಂದೆ "ಆಕ್ಯುಪೈಡ್" ಎಂಬ ಪದವಿದ್ದರೆ, ಅದು ಎರಡನೆಯ ಮಹಾಯುದ್ಧದ ನಂತರ, 1952ರವರೆಗೆ ಆ ದೇಶ ಮಿತ್ರಪಡೆಗಳ ಹಿಡಿತದಲ್ಲಿದ್ದ ಅವಧಿಯದು. ಹಳೆಯ ಲೇಬಲ್ಲುಗಳ ದಾಸ್ತಾನು ಮುಗಿಯುವವರೆಗೆ ಕಾರ್ಖಾನೆಗಳು ಅವನ್ನೇ ಅಂಟಿಸುತ್ತಿದ್ದವು ಎಂಬುದನ್ನು ನೆನಪಿಟ್ಟುಕೊಂಡು ಒಂದೆರಡು ವರ್ಷ ಹಿಂದುಮುಂದು ಹಿಡಿಯಿರಿ.

ಎನಾಮೆಲ್ ಬೋರ್ಡಿನಲ್ಲಿ ಮಾತ್ರ ಮೋಸ ಹೆಚ್ಚು. ಹೊಸದಾಗಿ ಮಾಡಿ, ಮೇಲೆ ಆಮ್ಲ ಸುರಿದು ತುಕ್ಕು ಹಿಡಿಸಿದ ಬೋರ್ಡುಗಳು ಬೇಕಾದಷ್ಟು ಬರುತ್ತಿವೆ. ಕಾಲ ಹಿಡಿಸಿದ ತುಕ್ಕು ಮೊಳೆಯ ತೂತಿನ ಸುತ್ತ ಮತ್ತು ಪೆಟ್ಟು ಬಿದ್ದ ಕಡೆ ಇರುತ್ತದೆ. ಮನುಷ್ಯ ಹಿಡಿಸಿದ ತುಕ್ಕು ಚೆಂದ ಕಾಣುವ ಕಡೆ ಇರುತ್ತದೆ.

*

ಪ್ರಶ್ನೆ: ಹಳೆಯ ಹಿತ್ತಾಳೆ ಮತ್ತು ಕಂಚಿನ ಪಾತ್ರೆಗಳನ್ನು ಕೊಂಡು ಅಡುಗೆಗೆ ಬಳಸಬಹುದೇ?
— ಉಡುಪಿಯ ಓದುಗರು

ಉತ್ತರ: ಹಿತ್ತಾಳೆ ಮತ್ತು ತಾಮ್ರಕ್ಕೆ ಒಳಗಡೆ ಕಲಾಯಿ ಹಾಕಿಸದೆ ಹುಳಿ, ಗೊಜ್ಜು, ಮಜ್ಜಿಗೆ ಯಾವುದನ್ನೂ ಮಾಡಬೇಡಿ, ಹುಳಿಗೆ ತಾಮ್ರ ಕರಗಿ ಅಡುಗೆ ವಿಷವಾಗುತ್ತದೆ. ಕಲಾಯಿಯ ತವರ 232 ಡಿಗ್ರಿಯಲ್ಲಿ ಕರಗುವುದರಿಂದ ಅಂಥ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬಾರದು. ಬೆಸುಗೆಯ ಜಾಗ ಬೂದುಬಣ್ಣದಲ್ಲಿ ಮೆತ್ತಗಿದ್ದರೆ ಅಲ್ಲಿ ಸೀಸ ಇರುವ ಶಂಕೆಯಿಂದ ಪಾತ್ರೆಯನ್ನು ಹೂವಿಗೋ ನೀರಿನಲ್ಲಿ ತೇಲುವ ದೀಪಕ್ಕೋ ಇಟ್ಟುಕೊಳ್ಳಿ. ಕಂಚು ಬಹುಪಾಲು ತಾಮ್ರ, ಉಳಿದದ್ದು ತವರ. ಬೆರಳಿನಿಂದ ತಟ್ಟಿದಾಗ ಉದ್ದನೆಯ ನಾದ ಬರಬೇಕು. ಸದ್ದು ಥಟ್ಟನೆ ಸತ್ತರೆ ಬಿರುಕಿದೆ ಎಂದರ್ಥ. ಸಿಪ್ಪೆ ಎದ್ದ ಎನಾಮೆಲ್ ತಟ್ಟೆಯಲ್ಲಿ ಊಟ ಬೇಡ. ಬಣ್ಣದ ಹೂವಿನ ಹಳೆಯ ಪಿಂಗಾಣಿಯಲ್ಲಿ ಉಪ್ಪಿನಕಾಯಿಯೂ ಬೇಡ, ಅದರ ಹೊಳಪಿನ ಲೇಪದಲ್ಲಿ ಸೀಸ ಇರಬಹುದು.

*

ಪ್ರಶ್ನೆ: ಹಳೆಯ ಜರಿ ಸೀರೆ ಕೊಳ್ಳುತ್ತೇವೆ ಎಂದು ಮನೆ ಬಾಗಿಲಿಗೆ ಬರುವವರಿಗೆ ಕೊಡುವುದು ಸರಿಯೇ? ಜೊತೆಗೆ, ಸೀರೆಗಳ ನಡುವೆ ನುಸಿಗುಳಿಗೆ ಇಡಬಹುದೇ?
— ಹಾಸನದ ಓದುಗರು

ಉತ್ತರ: ಅವರಿಗೆ ಬೇಕಿರುವುದು ಸೀರೆಯಲ್ಲ, ಬೆಳ್ಳಿ. ಅಸಲಿ ಜರಿಯಲ್ಲಿ ರೇಷ್ಮೆ ದಾರದ ಮೇಲೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ತನ್ನ ಜರಿಯಲ್ಲಿ ಶೇಕಡ 65 ಬೆಳ್ಳಿ, ಶೇಕಡ 0.65 ಚಿನ್ನ ಇರುತ್ತದೆಂದು ಮೈಸೂರು ರೇಷ್ಮೆ ಸೀರೆ ತಯಾರಿಸುವ ಸರ್ಕಾರಿ ನಿಗಮ ಹೇಳುತ್ತದೆ. ಸೀರೆ ಪೂರ್ತಿ ಸವೆದಿದ್ದರೆ, ಪರಿಚಯದ ಒಬ್ಬಿಬ್ಬರು ಅಕ್ಕಸಾಲಿಗರಿಗೆ ತೋರಿಸಿ ಬೆಲೆ ತಿಳಿದುಕೊಂಡ ಮೇಲೆ ಕೊಡಬಹುದು. ಬಾಗಿಲಲ್ಲಿ ನಿಂತು ಅವಸರ ಮಾಡುವವರಿಗೆ ಬೇಡ. ನುಸಿಗುಳಿಗೆಯ ನ್ಯಾಫ್ತಲಿನ್ ಆವಿ ಒಳ್ಳೆಯದಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನೇ ಒಡೆಯಬಲ್ಲದು. ಬಾಣಂತಿ, ಮಗು ಇರುವ ಮನೆಯ ಹಳೆಯ ಸೀರೆಗಳಿಗೆ ಬೇವಿನ ಎಲೆ ಮತ್ತು ಆಗಾಗ ತೋರಿಸುವ ಗಾಳಿ ಸಾಕು.

*

ಪ್ರಶ್ನೆ: ಊರಿಗೆ ಬಂದಾಗ ಹಳೆಯ ಅಂಗಡಿಗಳಿಂದ ಬೀಟೆಮರದ ಕುಸುರಿ ಪೆಟ್ಟಿಗೆ, ಹಿತ್ತಾಳೆಯ ದೀಪ, ಅಜ್ಜಿಯ ಕಾಲದ ಸೀರೆಗಳನ್ನು ಕೊಂಡು ಲಂಡನ್ನಿಗೆ ಒಯ್ಯಬೇಕೆಂದಿದ್ದೇನೆ. ಕಾನೂನಿನ ಅಡ್ಡಿಯಿದೆಯೇ?
— ಅನಿವಾಸಿ ಕನ್ನಡಿಗ

ಉತ್ತರ: ಇದೆ, ಮತ್ತು ಇದರಲ್ಲಿ ಅಜ್ಞಾನಕ್ಕೆ ರಿಯಾಯಿತಿಯಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ತುಂಬಿದ ಶಿಲ್ಪ, ಚಿತ್ರ, ಕರಕುಶಲ ವಸ್ತು ಮೊದಲಾದವು ಪುರಾವಸ್ತುಗಳು. ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಆ ಮಿತಿ 75 ವರ್ಷ. ಇವನ್ನು ದೇಶದ ಹೊರಗೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಒಪ್ಪಿಸಿದ ಸಂಸ್ಥೆಗೆ ಮಾತ್ರ. ಮೀರಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸವಿದೆ. ನಿಮ್ಮ ವಸ್ತು ನೂರು ವರ್ಷದ ಒಳಗಿನದೇ ಆಗಿದ್ದರೂ ಹಳೆಯದಾಗಿ ಕಂಡರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ತಡೆಯಬಹುದು; ಆದ್ದರಿಂದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ, ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಮೊದಲೇ ಪಡೆಯಬೇಕು. ಅದಕ್ಕೆ ಸಮಯ ಬೇಕಾಗುವುದರಿಂದ ಹೊರಡುವ ವಾರದಲ್ಲಿ ಓಡಾಡಿ ಪ್ರಯೋಜನವಿಲ್ಲ. ಅಜ್ಜಿಯ ಸೀರೆಗಳು ನೂರರ ಗಡಿ ದಾಟಿರುವುದು ಅಪರೂಪ, ಅವುಗಳ ಬಗ್ಗೆ ಹೆಚ್ಚು ಚಿಂತೆ ಬೇಡ.

ಪೆಟ್ಟಿಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮೈಸೂರಿನ ಬೀಟೆಮರದ ಕುಸುರಿಯಲ್ಲಿ ಹಿಂದೆ ಆನೆಯ ದಂತವನ್ನು ಕೂರಿಸುತ್ತಿದ್ದರು. ನಿಷೇಧ ಬಂದ ಮೇಲೆ ಅದರ ಜಾಗದಲ್ಲಿ ಪ್ಲಾಸ್ಟಿಕ್ ಮತ್ತು ಬಣ್ಣಬಣ್ಣದ ಮರ ಬಂದವು. ಹಳೆಯ ಪೆಟ್ಟಿಗೆಯ ಬಿಳಿಯ ಭಾಗ ದಂತದ್ದಾದರೆ ಅದನ್ನು ಮಾರುವುದೂ ಕೊಳ್ಳುವುದೂ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅಂಗಡಿಯವನು ಎಷ್ಟೇ ಭರವಸೆ ಕೊಟ್ಟರೂ, ವಯಸ್ಸು ಎಷ್ಟೇ ಕಡಿಮೆಯೆಂದು ಬರೆದುಕೊಟ್ಟರೂ ಅಂಥದ್ದನ್ನು ಮುಟ್ಟಬೇಡಿ. ಉಳಿದ ವಸ್ತುಗಳಿಗೆ ಅಂಗಡಿಯ ರಸೀದಿಯನ್ನು ಕೇಳಿ ಪಡೆಯಿರಿ, ಫೋಟೊ ತೆಗೆದಿಟ್ಟುಕೊಳ್ಳಿ, ಪ್ರಮಾಣಪತ್ರದೊಂದಿಗೆ ಅವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಪತ್ರ ಬರುವುದು ತಡವಾದರೆ ದೀಪವನ್ನು ಈ ಬಾರಿ ಊರಿನ ಮನೆಯಲ್ಲಿಯೇ ಬಿಟ್ಟು ಹೋಗಿ.